ಪೀಠಿಕೆಗೂ ಮುನ್ನ

ಗದುಗಿನ ನಾರಣಪ್ಪನ ಮೇಲೆ ನನಗೆ ಬೇಕಾದಷ್ಟು ಭಕ್ತಿಯಿದೆ. ಜೊತೆಗೆ ಸಣ್ಣದೊಂದು ತಕರಾರೂ ಇದೆ. ಭಾರತವನ್ನು ಅವನು ಹೇಗೆ ಬೇಕಾದರೂ ಬರೆದುಕೊಳ್ಳಲಿ, ಪೀಠಿಕಾ ಸಂಧಿಯಲ್ಲಿ ಅಷ್ಟೊಂದು ಹೇಳಿಕೊಳ್ಳಬಾರದಿತ್ತು. ಕರಡು ಬರೆಯಲು ಹಲಗೆ ಮುಟ್ಟಿದವನಲ್ಲ, ಒಮ್ಮೆ ಬರೆದದ್ದನ್ನು ಒರೆಸಿದವನಲ್ಲ, ಇನ್ನೊಬ್ಬರ ರೀತಿಯನ್ನು ಎರವಲು ತಂದವನಲ್ಲ, ಓಲೆಯ ಮೇಲೆ ಕಂಠ ಇಟ್ಟರೆ ಅದರ ಸದ್ದು ನಿಂತದ್ದೇ ಇಲ್ಲ ಎಂದು ಒಂದೇ ಪದ್ಯದೊಳಗೆ ಒಂದರ ಮೇಲೊಂದು ಅಗ್ಗಳಿಕೆ. ಸಂಶೋಧನ ವಿಧಾನ ಎಂದು ವಿಶ್ವವಿದ್ಯಾಲಯಗಳು ತಿಂಗಳುಗಟ್ಟಲೆ ಕೋರ್ಸ್‌ವರ್ಕ್ ಇಟ್ಟು ಕಲಿಸುವುದನ್ನೆಲ್ಲ ಈ ಮಹಾರಾಯ ಆರು ಸಾಲಿನಲ್ಲಿ ರದ್ದು ಮಾಡಿಬಿಟ್ಟ. ಕರಡು ಬೇಡ, ತಿದ್ದುಪಡಿ ಬೇಡ, ಕೃತಿಚೌರ್ಯದ ಭಯವಿಲ್ಲ. ಬರೆಯಲು ಹೊಳೆಯದೆ ಕಿಟಕಿಯಾಚೆ ತೆಂಗಿನಮರ ನೋಡುತ್ತ ಕೂರುವ ಕಾಯಿಲೆಯಂತೂ ಇಲ್ಲವೇ ಇಲ್ಲ.

ಪಂಪನಾದರೂ ಕನಿಕರ ತೋರಿದನೇ? ಅದೂ ಇಲ್ಲ. ಆದಿಪುರಾಣ ಮೂರು ತಿಂಗಳಲ್ಲಿ ಮುಗಿಯಿತು, ಭಾರತ ಆರು ತಿಂಗಳಲ್ಲಿ ಮುಗಿಯಿತು ಎಂದು ಕಾವ್ಯದೊಳಗೇ ಲೆಕ್ಕ ಬರೆದಿಟ್ಟು ಹೋದ. ಎರಡು ಮಹಾಕಾವ್ಯ, ಒಟ್ಟು ಒಂಬತ್ತು ತಿಂಗಳು. ಬಿ.ಎ. ಮಕ್ಕಳಿಗೆ ಇದನ್ನು ಪಾಠ ಮಾಡುವಾಗ ನನ್ನ ದನಿ ತಾನಾಗಿಯೇ ಇಳಿಯುತ್ತದೆ. ಏಕೆಂದರೆ ಹನ್ನೆರಡು ಪುಟ ಮೀರಬಾರದೆಂಬ ಷರತ್ತಿನ ಒಂದು ಸಂಶೋಧನ ಪ್ರಬಂಧಕ್ಕೆ ನಾನು ಕಳೆದ ದೀಪಾವಳಿಯಿಂದ ತಯಾರಿ ನಡೆಸಿದ್ದೇನೆ. ತಯಾರಿ ಬಹಳ ಚೆನ್ನಾಗಿ ನಡೆದಿದೆ. ಪ್ರಬಂಧದ ವಿಷಯ ಬೇರೆ.

ಪಕ್ಕದ ಊರಿನ ಕಾಲೇಜೊಂದರಲ್ಲಿ ಎರಡು ದಿನದ ರಾಷ್ಟ್ರೀಯ ವಿಚಾರ ಸಂಕಿರಣ: ಕನ್ನಡ ಶಾಸನಗಳಲ್ಲಿ ಪ್ರಾಣಿ, ಪಕ್ಷಿ, ಪರಿಸರ. ರಾಷ್ಟ್ರೀಯ ಎನಿಸಿಕೊಳ್ಳಲು ನಮ್ಮ ಕಡೆ ಹೆಚ್ಚಿನ ಕಷ್ಟವಿಲ್ಲ, ಕಾಸರಗೋಡಿನಿಂದ ಒಬ್ಬರು ಬಂದರೆ ಸಾಕು. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿರುವ ನಿವೃತ್ತ ಪ್ರಾಧ್ಯಾಪಕರೊಬ್ಬರು ಅಲ್ಲಿಂದಲೇ ಆನ್‌ಲೈನಿನಲ್ಲಿ ಮುಖ ತೋರಿಸಿದರೆ ಅಂತರರಾಷ್ಟ್ರೀಯವೂ ಆಗುತ್ತದೆ. ಸುತ್ತೋಲೆ ವಾಟ್ಸ್ಯಾಪಿನಲ್ಲಿ ಬಂದ ದಿನವೇ ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಪ್ರಾಣಿಗಳ ಹಂಚಿಕೆ ನಡೆದುಹೋಯಿತು. ಆನೆ, ಕುದುರೆ ಹಿರಿಯರ ಪಾಲು. ಹೊಯ್ಸಳರ ಹುಲಿಯೋ ಸಿಂಹವೋ, ಆ ಜಗಳದ ಸಮೇತ, ಇತಿಹಾಸ ವಿಭಾಗದವರ ಪಾಲು. ತುರುಗೋಳು ಅಂದರೆ ದನಗಳ್ಳತನದ ವೀರಗಲ್ಲುಗಳ ಮೇಲೆ ಮೊದಲೇ ಪಿಎಚ್.ಡಿ. ಮಾಡಿಕೊಂಡವರೊಬ್ಬರು ಇದ್ದುದರಿಂದ ದನ ಅವರಿಗೆ ಹೋಯಿತು. ಕೊನೆಗೆ ಉಳಿದದ್ದು ನಾಯಿ. ನಾನು ಸಂತೋಷದಿಂದಲೇ ತೆಗೆದುಕೊಂಡೆ. ಕನ್ನಡದ ಶಾಸನಗಳಲ್ಲಿ ಒಂದು ನಾಯಿಗೆ ಸಿಕ್ಕಿರುವ ಮರ್ಯಾದೆ ಎಷ್ಟೋ ಅರಸರಿಗೆ ಸಿಕ್ಕಿಲ್ಲ ಎಂಬುದು ನನಗೆ ಗೊತ್ತಿತ್ತು.

ಆ ನಾಯಿಯ ಹೆಸರು ಕಾಳಿ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಶಾಸನದ ನಾಯಕ ಅವನೇ. ಶಕ ವರ್ಷ 872, ನಮ್ಮ ಲೆಕ್ಕದಲ್ಲಿ 949–50. ತಕ್ಕೋಲದಲ್ಲಿ ಆಗತಾನೇ ದೊಡ್ಡ ಯುದ್ಧ ಮುಗಿದಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣ ಒಂದು ಕಡೆ, ಚೋಳರ ರಾಜಾದಿತ್ಯ ಇನ್ನೊಂದು ಕಡೆ. ಕೃಷ್ಣನ ಭಾವ, ಗಂಗರ ಬೂತುಗ, ರಾಜಾದಿತ್ಯನನ್ನು ಕೊಂದು ಯುದ್ಧ ಗೆಲ್ಲಿಸಿಕೊಟ್ಟ. ಗೆದ್ದಮೇಲೆ ಬಹುಮಾನದ ಸರದಿ. ಬೂತುಗನಿಗೆ ಬನವಾಸಿ ಪನ್ನಿರ್ಚ್ಛಾಸಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು. ಇವತ್ತಿನ ಭೂಪಟದಲ್ಲಿ ಗುರುತು ಹಾಕಹೊರಟರೆ ಒಂದೆರಡು ಜಿಲ್ಲೆಗೆ ನಿಲ್ಲುವುದಿಲ್ಲ. ಬೂತುಗನ ಕೂಡ ನಿಂತು ಹೋರಾಡಿದ ಮಣಲೇರ ಎಂಬ ಸಗರವಂಶದ ವೀರನಿಗೂ ಒಡೆಯ ಮೆಚ್ಚಿ, ಬೇಕಾದ್ದು ಕೇಳಿಕೋ ಎಂದ. ನಾಡು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು.

ಮುಂದಿನ ಕಥೆ ಚಿಕ್ಕದು. ಕೆಳಲೆನಾಡಿನ ಬೆಳತೂರಿನ ಪಡುವಣ ಗುಡ್ಡದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಕಾಳಿಯನ್ನು ಬಿಟ್ಟರು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಮಣಲೇರ ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿದ, ಅದರ ಪೂಜೆಗೆ ಭೂಮಿ ಬಿಟ್ಟ. ರಾಷ್ಟ್ರಕೂಟ–ಚೋಳ ಯುದ್ಧದ ಬಗ್ಗೆ ಇತಿಹಾಸಕಾರರು ಇವತ್ತಿಗೂ ಎತ್ತಿ ಹೇಳುವ ಅಮೂಲ್ಯ ವಿವರಗಳು ನಮಗೆ ಉಳಿದುಬಂದದ್ದು ಹೀಗೆ, ಒಂದು ನಾಯಿಯ ಸಮಾಧಿಯ ಕಲ್ಲಿನ ಮೇಲೆ. ದಕ್ಷಿಣ ಭಾರತದ ರಾಜಕೀಯವೆಲ್ಲ ಅಲ್ಲಿ ಕಾಳಿಗೆ ಪೀಠಿಕೆ.

ಇಷ್ಟು ಗೊತ್ತಿದ್ದಮೇಲೆ ಬರೆಯಲು ಏನು ದಾಡಿ ಎಂದು ನಮ್ಮ ಮನೆಯಾಕೆ ಕೇಳಿದಳು. ಗೃಹಿಣಿಯರಿಗೂ ಪಂಪನಿಗೂ ಇರುವ ಸಾಮ್ಯ ಇದು. ಕೆಲಸ ಅಂದರೆ ಮಾಡಿ ಮುಗಿಸುವುದು ಎಂದು ತಿಳಿದಿದ್ದಾರೆ. ಪೂರ್ವಸೂರಿಗಳು ಏನು ಹೇಳಿದ್ದಾರೆಂದು ನೋಡದೆ ಬರೆಯುವುದಾದರೂ ಹೇಗೆ? ಹೀಗಾಗಿ ನಾನು ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳ ಮುಂದೆ ಕುಳಿತೆ.

ಈ ಸಂಪುಟಗಳನ್ನು ತಂದವರು ಬಿ.ಎಲ್. ರೈಸ್. ಬೆಂಗಳೂರಿನಲ್ಲೇ 1837ರಲ್ಲಿ ಹುಟ್ಟಿದವರು, ಪಾದ್ರಿಯ ಮಗ. ಮೈಸೂರು ಸೀಮೆಯ ಮೂಲೆಮೂಲೆಗಳಿಂದ ಸುಮಾರು 9000 ಶಾಸನಗಳನ್ನು ಸಂಗ್ರಹಿಸಿ, ಹನ್ನೆರಡು ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಅಷ್ಟು ಮಾಡಿದ ಪುಣ್ಯಾತ್ಮರು ಒಂದು ಉಪಕಾರವನ್ನೋ ಅಪಕಾರವನ್ನೋ ಮಾಡಿಹೋದರು: ಶಾಸನಗಳನ್ನು ವಿಷಯವಾರು ಜೋಡಿಸದೆ ತಾಲ್ಲೂಕುವಾರು ಜೋಡಿಸಿದರು. ನೀವು ಹುಡುಕುವುದು ನಾಯಿ, ಸಿಗುವುದು ತಾಲ್ಲೂಕು. ಅಂಥ ಪುಟದಲ್ಲಿ ನಾಯಿಯನ್ನು ಮಾತ್ರ ನೋಡಿ ಎದ್ದು ಬರುವುದು ಮನುಷ್ಯಮಾತ್ರನಿಗೆ ಸಾಧ್ಯವಿಲ್ಲ. ಪಕ್ಕದಲ್ಲೇ ಯಾರೋ ಕೆರೆ ಕಟ್ಟಿಸಿರುತ್ತಾನೆ. ಅದರ ಪಕ್ಕದಲ್ಲಿ ಕೆರೆ ಒಡೆದುಹೋಗಿ ಇನ್ನೊಬ್ಬ ಏರಿ ಕಟ್ಟಿಸಿರುತ್ತಾನೆ. ಗಾಣಕ್ಕೆ ಸುಂಕ ಎಷ್ಟು, ಎಲೆಯ ಹೇರಿಗೆ ಎಷ್ಟು ಎಂಬ ಪಟ್ಟಿ ಬರುತ್ತದೆ. ಹೆಣ್ಣುಮಗಳೊಬ್ಬಳು ಗುಡಿಯ ದೀಪದೆಣ್ಣೆಗೆ ಎಂದು ದತ್ತಿ ಬಿಟ್ಟಿರುತ್ತಾಳೆ. ಅಷ್ಟರಲ್ಲಿ ನಿಮ್ಮ ತಾಯಿಯ ತವರೂರಿನ ಹೆಸರು ಕಣ್ಣಿಗೆ ಬೀಳುತ್ತದೆ. ಆಮೇಲೆ ಆ ದಿನ ನಾಯಿಯ ಪಾಲಿಗೆ ಮುಗಿದ ಹಾಗೆಯೇ.

ನನಗೆ ಸಂಶೋಧನೆ ಕಲಿಸಿದ ಮೇಷ್ಟ್ರು ಇದನ್ನು ಕಾಲಹರಣ ಎಂದು ಕರೆಯುತ್ತಿರಲಿಲ್ಲ, ಅಡ್ಡಓದು ಎನ್ನುತ್ತಿದ್ದರು. ಅವರಿಗೀಗ ಎಂಬತ್ತು ದಾಟಿದೆ. ಅವರ ಮನೆಯ ನಡುಮನೆಯಲ್ಲಿ ಬಿಸ್ಕತ್ತಿನ ತಗಡಿನ ಡಬ್ಬಗಳಿವೆ, ಆ ಡಬ್ಬಗಳ ತುಂಬ ಚೀಟಿಗಳು. ಅಂಗಡಿಯಲ್ಲಿ ಸಿಗುವ ಕಾರ್ಡು ಅವರು ಎಂದೂ ಕೊಂಡವರಲ್ಲ. ಮದುವೆಯ ಕರೆಯೋಲೆಗಳನ್ನು ಅಳತೆಗೆ ಸರಿಯಾಗಿ ಕತ್ತರಿಸಿ, ಬರಿದಾದ ಬೆನ್ನಿನ ಮೇಲೆ ಮುತ್ತಿನಂಥ ಅಕ್ಷರದಲ್ಲಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. ಒಂದು ಮಗ್ಗುಲಲ್ಲಿ ಕಲ್ಯಾಣ ಚಾಲುಕ್ಯರ ದಂಡನಾಯಕರ ವಂಶಾವಳಿ, ತಿರುಗಿಸಿದರೆ ಚಿ॥ರಾ॥ ಸುರೇಶನಿಗೂ ಚಿ॥ಸೌ॥ ಲಲಿತಳಿಗೂ ಗುರುಹಿರಿಯರು ನಿಶ್ಚಯಿಸಿದ ಮುಹೂರ್ತ. ಈ ಪದ್ಧತಿಯಿಂದ ಒಂದು ಅನುಕೂಲವಿತ್ತಂತೆ. ಆ ಟಿಪ್ಪಣಿ ಯಾವ ವರ್ಷ ಮಾಡಿಕೊಂಡದ್ದು ಎಂಬುದು ಹಿಂದೆ ತಿರುಗಿಸಿದರೆ ತಿಥಿವಾರ ನಕ್ಷತ್ರ ಸಮೇತ ಗೊತ್ತಾಗುತ್ತಿತ್ತು. ‘ನೋಡಯ್ಯ, ನಮ್ಮ ದಾಖಲೆಗೂ ಕಾಲನಿರ್ಣಯ ಬೇಕಲ್ಲ’ ಎನ್ನುತ್ತಿದ್ದರು. ಇತ್ತೀಚೆಗೆ ಜನ ವಾಟ್ಸ್ಯಾಪಿನಲ್ಲಿ ಮದುವೆಗೆ ಕರೆಯತೊಡಗಿದ ಮೇಲೆ ಕನ್ನಡ ಸಂಶೋಧನೆಗೆ ಕಾಗದದ ಬರ ಬಂದಿದೆ ಎಂಬುದು ಅವರ ದೂರು.

ಅವರು ಬರೆದದ್ದು ಬಹಳ ಕಡಿಮೆ. ಓದಿದ್ದಕ್ಕೆ ಲೆಕ್ಕವಿಲ್ಲ. ಏಕೆ ಸಾರ್ ಬರೆಯಲಿಲ್ಲ ಎಂದು ಒಮ್ಮೆ ಕೇಳಿದ್ದಕ್ಕೆ ಪಿ.ವಿ. ಕಾಣೆಯವರ ಕಥೆ ಹೇಳಿದರು. ಮುಂಬಯಿಯ ವಕೀಲರಾದ ಕಾಣೆಯವರು ವ್ಯವಹಾರಮಯೂಖ ಎಂಬ ಸಂಸ್ಕೃತ ಗ್ರಂಥವನ್ನು ಸಂಪಾದಿಸುತ್ತಿದ್ದಾಗ, ಓದುಗರಿಗೆ ಅನುಕೂಲವಾಗಲೆಂದು ಅದರ ಜೊತೆಗೆ ಧರ್ಮಶಾಸ್ತ್ರ ಬೆಳೆದುಬಂದ ಬಗೆಯನ್ನು ಒಂದಿಷ್ಟು ಬರೆದು ಸೇರಿಸಬೇಕೆಂದುಕೊಂಡರು. ಅದಕ್ಕೆ ತಯಾರಿ ಶುರುವಾಯಿತು. ತಯಾರಿ ಬೆಳೆಯಿತು. ಪುಸ್ತಕದೊಳಗೆ ಹಿಡಿಸದಷ್ಟಾಯಿತು. 1930ರಲ್ಲಿ ಅದು ತಾನೇ ಒಂದು ಸಂಪುಟವಾಗಿ ಹೊರಬಂತು. ಕೊನೆಯ ಐದನೆಯ ಸಂಪುಟ ಬಂದದ್ದು 1962ರಲ್ಲಿ, ಒಟ್ಟು 6000 ಪುಟ ದಾಟಿದಮೇಲೆ. ಮರುವರ್ಷ ಸರ್ಕಾರ ಭಾರತರತ್ನ ಕೊಟ್ಟಿತು. ‘ಪೀಠಿಕೆಗೆ ಭಾರತರತ್ನ ಕಣಯ್ಯ’ ಎಂದು ಮೇಷ್ಟ್ರು ನಕ್ಕರು. ನಮ್ಮಂಥವರಿಗೆ ಕಾಣೆಯವರ ಉದಾಹರಣೆ ಎಷ್ಟು ಧೈರ್ಯ ಕೊಡುತ್ತದೋ ಅಷ್ಟೇ ಅಪಾಯಕಾರಿ. ತಯಾರಿ ಬೆಳೆಯುವ ತನಕ ನಾವೂ ಕಾಣೆಯವರೇ. ಸಂಪುಟ ಬರಬೇಕಾದ ಕಡೆ ಬರಿಯ ಡಬ್ಬ ಉಳಿಯುತ್ತದೆ.

ಇಷ್ಟು ಪುರಾಣ ಈಗಿನವರಿಗೆ ಹಿಡಿಸುವುದಿಲ್ಲ, ಅವರಿಗೆ ಅಂಕ ಬೇಕು. ಬಡ್ತಿ ಬೇಕಾದರೆ ಪ್ರಬಂಧಕ್ಕೆ ಇಷ್ಟು, ಪುಸ್ತಕಕ್ಕೆ ಇಷ್ಟು, ಸಂಕಿರಣಕ್ಕೆ ಇಷ್ಟು ಎಂದು ಯುಜಿಸಿಯವರು ಮಾರ್ಕು ಗೊತ್ತುಮಾಡಿದ ಮೇಲೆ ವಿದ್ವತ್ತಿಗೆ ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕದ ಕಳೆ ಬಂದಿದೆ. ಯಾವ ಪತ್ರಿಕೆಯಲ್ಲಿ ಬಂದರೆ ಅಂಕ ಎಂಬುದಕ್ಕೂ ಪಟ್ಟಿ. ಯುಜಿಸಿ-ಕೇರ್ ಎಂಬ ಪಟ್ಟಿ 2019ರಲ್ಲಿ ಬಂತು. ಅದರೊಳಗೆ ಕನ್ನಡದ ಯಾವ ಪತ್ರಿಕೆ ಇದೆ, ಯಾವುದು ಬಿಟ್ಟುಹೋಗಿದೆ ಎಂದು ನಾವು ಅರ್ಥಮಾಡಿಕೊಂಡು ಮುಗಿಸುವ ಹೊತ್ತಿಗೆ 2025ರಲ್ಲಿ ಪಟ್ಟಿಯನ್ನೇ ರದ್ದು ಮಾಡಿದರು. 1919ರಷ್ಟು ಹಿಂದೆ ಶುರುವಾದ ಪ್ರಬುದ್ಧ ಕರ್ನಾಟಕದ ಹಳೆಯ ಸಂಚಿಕೆಗಳನ್ನು ತೆಗೆದು ನೋಡಿ. ಅಂಕವಿಲ್ಲದ ಕಾಲದಲ್ಲಿ ಒಂದು ಪದ್ಯದ ಪಾಠಾಂತರಕ್ಕೆ ಹಿರಿಯರು ಎಷ್ಟು ನಿಷ್ಠೆಯಿಂದ ಜಗಳವಾಡಿದ್ದಾರೆ! ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳ ಮುಂದೆ 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಓಲೆಯ ಕಟ್ಟೊಂದನ್ನು ತಂದಿಟ್ಟರು. ಬಿಚ್ಚಿ ನೋಡಿದರೆ ಕೌಟಿಲ್ಯನ ಅರ್ಥಶಾಸ್ತ್ರ. ಹೆಸರಷ್ಟೇ ಉಳಿದು, ಗ್ರಂಥ ಕಳೆದೇಹೋಯಿತೆಂದು ಎಲ್ಲರೂ ಕೈಬಿಟ್ಟಿದ್ದದ್ದು. 1909ರಲ್ಲಿ ಅವರು ಅದನ್ನು ಅಚ್ಚು ಹಾಕಿಸಿದರು. ಆ ಪಂಡಿತರು ಬಂದ ಹೊತ್ತಿಗೆ ಶಾಸ್ತ್ರಿಗಳು ಬಡ್ತಿಯ ನಮೂನೆ ತುಂಬುವುದರಲ್ಲಿ ಮುಳುಗಿದ್ದು, ‘ಅಲ್ಲಿ ಬೀರುವಿನ ಮೇಲಿಡಿ, ಸೋಮವಾರ ನೋಡೋಣ’ ಎಂದಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಮೈ ನಡುಗುತ್ತದೆ.

ಹೊಸ ಕಾಲದ ತಯಾರಿಯಲ್ಲಿ ಮೊದಲ ಹೆಜ್ಜೆ ಶೀರ್ಷಿಕೆ. ಮೊದಲು ‘ಆತಕೂರಿನ ನಾಯಿ’ ಎಂದಿಟ್ಟಿದ್ದೆ. ಸಹೋದ್ಯೋಗಿಯೊಬ್ಬರು ನೋಡಿ, ಇದು ಮಕ್ಕಳ ಕಥೆಯ ಹಾಗಿದೆ, ತೂಕ ಸಾಲದು ಎಂದರು. ತೂಕ ಬರಲು ನಡುವೆ ಎರಡು ಚುಕ್ಕಿ ಬೇಕು, ಆ ಕಡೆ ‘ಒಂದು ಅಧ್ಯಯನ’ ಇರಬೇಕು. ಅದೂ ಹಳತಾಯಿತು, ಈಗ ‘ನೆಲೆಗಳು’ ನಡೆಯುತ್ತಿವೆ. ಸಂಕಥನ, ಅನುಸಂಧಾನ, ಮುಖಾಮುಖಿ ಇವುಗಳಲ್ಲಿ ಯಾವುದಾದರೂ ಒಂದು ಬಂದರೆ ಅಧ್ಯಕ್ಷರು ತಲೆಯಾಡಿಸುತ್ತಾರೆ ಎಂಬುದು ಅವರ ಅನುಭವ. ಕೊನೆಗೆ ‘ಶ್ವಾನ ಮತ್ತು ಪ್ರಭುತ್ವ: ಆತಕೂರು ಶಾಸನದ ಸಾಂಸ್ಕೃತಿಕ ಮುಖಾಮುಖಿ’ ಎಂದಾಯಿತು. ಕಲ್ಲಿನ ಮೇಲ್ಭಾಗದಲ್ಲಿ ನಾಯಿಯೂ ಹಂದಿಯೂ ನಿಜವಾಗಿಯೇ ಮುಖಾಮುಖಿಯಾಗಿ ನಿಂತಿರುವುದರಿಂದ ನನಗೂ ಆತ್ಮಸಾಕ್ಷಿಯ ತೊಂದರೆ ಕಾಣಲಿಲ್ಲ. ಇನ್ನೊಬ್ಬರು ಉತ್ತರ ಕರ್ನಾಟಕದವರು. ‘ಅದು ಮುಧೋಳ ನಾಯೀನ ಇರ್ತದರೀ ಸರ, ಹಂಗಂತ ಬರದು ಬಿಡ್ರಿ. 2016ರಾಗ ಮಿಲಿಟರಿಯವರೂ ಒಯ್ದಾರ’ ಎಂದು ಒತ್ತಾಯ ಮಾಡಿದರು. ಶಾಸನದಲ್ಲಿ ತಳಿಯ ಮಾತಿಲ್ಲ ಎಂದರೆ ಅವರಿಗೆ ಬೇಸರ. ಬೀಡುಬಿಟ್ಟ ಜಿಲ್ಲಾಭಿಮಾನದ ಮುಂದೆ ಆಧಾರ ಕೇಳುವುದು ಕಷ್ಟ.

ಅಭಿಮಾನಕ್ಕೆ ನಿಜವಾದ ಪೆಟ್ಟು ಕೊಟ್ಟದ್ದು ತಮಿಳುನಾಡು. ನಾಯಿಗೆ ಕಲ್ಲು ನಿಲ್ಲಿಸಿದವರಲ್ಲಿ ನಾವೇ ಮೊದಲಿಗರು ಎಂಬ ಧಾಟಿಯ ಮಾತು ನಮ್ಮ ಭಾಷಣಗಳಲ್ಲಿ ಧಾರಾಳವಾಗಿ ಓಡಾಡುತ್ತದೆ. ಅಡ್ಡಓದಿನಲ್ಲಿ ತಿರುವಣ್ಣಾಮಲೈ ಕಡೆಯ ಎಡುತ್ತನೂರಿನ ವೀರಗಲ್ಲು ಎದುರಾಯಿತು. ಪಲ್ಲವರ ಮಹೇಂದ್ರವರ್ಮನ ಕಾಲದ್ದು, ಎಂದರೆ 7ನೆಯ ಶತಮಾನ. ಕಾಳಿಗಿಂತ ಮುನ್ನೂರು ವರ್ಷ ಹಿರಿಯದು. ದನ ಕಾಯುವ ಹೋರಾಟದಲ್ಲಿ ಸತ್ತ ವೀರನ ಜೊತೆ ಅವನ ನಾಯಿಯನ್ನೂ ಕೆತ್ತಿದ್ದಾರೆ, ಕೋವಿವನ್ ಎಂದು ಅದರ ಹೆಸರನ್ನೂ ಬರೆದಿದ್ದಾರೆ, ಇಬ್ಬರು ಕಳ್ಳರನ್ನು ಕಚ್ಚಿ ಕಾವಲು ನಿಂತಿತೆಂದು ಸಾಕ್ಷಿ ಹೇಳಿದ್ದಾರೆ. ಕಾವೇರಿಯ ನೀರಿನಲ್ಲಿ ಮಾತ್ರವಲ್ಲ, ನಾಯಿಯಲ್ಲೂ ಅವರು ಪಾಲು ಕೇಳುವಂತಾಯಿತಲ್ಲ ಎಂದು ಒಂದು ಗಳಿಗೆ ಎನಿಸಿದ್ದು ನಿಜ. ಆಮೇಲೆ ಸಮಾಧಾನ ಮಾಡಿಕೊಂಡೆ. ಕೋವಿವನ್ ಧಣಿಯ ಪಕ್ಕದಲ್ಲಿ ನಿಂತಿದೆ; ಕಾಳಿಯ ಕಲ್ಲಿನ ಚಿತ್ರದಲ್ಲಿ ಧಣಿಗೆ ಜಾಗವೇ ಇಲ್ಲ. ಈ ವ್ಯತ್ಯಾಸವೊಂದೇ ಸಾಕು, ಹನ್ನೆರಡು ಪುಟ ಆಗುತ್ತದೆ. ಆದರೆ ಅದಕ್ಕೆ ತಮಿಳು ನಡುಗಲ್ಲುಗಳ ಸಾಹಿತ್ಯವನ್ನು ಒಂದಿಷ್ಟು ಓದಬೇಕು. ಅದಕ್ಕೆ ತಮಿಳು ಅಕ್ಷರ ಕಲಿಯಬೇಕು. ಮಗಳ ಹಳೆಯ ಸ್ಲೇಟು ಅಟ್ಟದಿಂದ ಇಳಿಯಿತು. ಹಲಗೆ ಬಳಪ ಹಿಡಿಯದ ಅಗ್ಗಳಿಕೆ ನನಗಂತೂ ಉಳಿಯಲಿಲ್ಲ.

ಬೀದಿಯಲ್ಲಿ ಅಷ್ಟರಲ್ಲಿ ಸುದ್ದಿ ಹಬ್ಬಿತ್ತು, ಕಾಲೇಜಿನ ಮೇಷ್ಟ್ರು ನಾಯಿಯ ಬಗ್ಗೆ ಪೇಪರಿಗೆ ಬರೆಯುತ್ತಿದ್ದಾರೆ ಎಂದು. ಮೂಲೆಮನೆಯ ನಿವೃತ್ತ ಎಂಜಿನಿಯರು ಸಂಜೆ ವಾಕಿಂಗಿನಲ್ಲಿ ಹಿಡಿದು ನಿಲ್ಲಿಸಿ, ‘ಒಳ್ಳೇ ಕೆಲಸ ಸಾರ್. ನಮ್ಮ ಮೂರನೇ ಕ್ರಾಸಿಂದೂ ಸೇರಿಸಿ, ರಾತ್ರಿ ಸ್ಕೂಟರ್ ಹಿಂದೆ ಓಡ್ಬರ್ತವೆ. ಪಾಲಿಕೇಲಿ ಒಬ್ರೂ ಕೇಳೋರಿಲ್ಲ’ ಎಂದರು. ಇದು ಹತ್ತನೆಯ ಶತಮಾನದ ನಾಯಿ ಎಂದು ವಿವರಿಸಿದೆ. ‘ಅಂದ್ರೆ ಅವತ್ತಿಂದ್ಲೂ ಇದೆ ಈ ಪ್ರಾಬ್ಲಮ್ಮು’ ಎಂದು ತಲೆದೂಗಿದರು. ಪ್ರಬಂಧದ ಪ್ರಸ್ತುತತೆ ಎಂಬ ಅಂಕಣದಲ್ಲಿ ಏನು ಬರೆಯುವುದೆಂದು ಯೋಚಿಸುತ್ತಿದ್ದೆ, ಸಿಕ್ಕಿತು.

ಕೃತಿಚೌರ್ಯದ ಪ್ರಮಾಣಪತ್ರವೂ ಬೇಕೆಂದು ಸಂಘಟಕರು ಹೇಳಿದ್ದಾರೆ. 2018ರ ನಿಯಮದಂತೆ ನೂರಕ್ಕೆ ಹತ್ತರಷ್ಟು ಹೋಲಿಕೆ ಕ್ಷಮ್ಯ, ಮೇಲೆ ಹೋದರೆ ಹಂತಹಂತವಾಗಿ ಶಿಕ್ಷೆ. ಸಾಫ್ಟ್‌ವೇರಿಗೆ ಸಾಲು ಸಾಲಿಗೆ ಹೊಂದುತ್ತದೆಯೇ ಎಂಬುದಷ್ಟೇ ಗೊತ್ತು. ಶಾಸನದ ಪಾಠವನ್ನು ಯಾರು ಉದ್ಧರಿಸಿದರೂ ಒಂದೇ ಥರ ಇರಬೇಕಲ್ಲವೇ? ಬೇರೆ ಥರ ಇದ್ದರೆ ಅದು ಮೂಲ ಚಿಂತನೆಯಲ್ಲ, ತಪ್ಪು ಓದು. ಈ ಯಂತ್ರವನ್ನು ಹಿಂದಕ್ಕೆ ಒಯ್ದು ಶಾಸನ ಬರೆದವರ ಮೇಲೇ ಬಿಟ್ಟಿದ್ದರೆ ಕರ್ನಾಟಕದ ಒಬ್ಬ ಅರಸನೂ ಪಾಸಾಗುತ್ತಿರಲಿಲ್ಲ. ದತ್ತಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆಂಬ ಅದೇ ಶ್ಲೋಕವನ್ನು ಕದಂಬ, ಚಾಲುಕ್ಯ, ಹೊಯ್ಸಳ, ವಿಜಯನಗರ ಎಂಬ ಭೇದವಿಲ್ಲದೆ ಶತಮಾನಗಟ್ಟಲೆ ಕಲ್ಲಿನಿಂದ ಕಲ್ಲಿಗೆ ನಕಲು ಮಾಡಿದ್ದಾರೆ. ಆತಕೂರಿನ ಕವಿ ಇಲ್ಲಿಯೂ ಸ್ವಂತಿಕೆಯುಳ್ಳವನು. ಈ ಕಲ್ಲನ್ನು ಪೂಜಿಸಬೇಕಾದ ಗೊರವ ಪೂಜೆ ಮಾಡದೆ ಉಂಡರೆ, ನಾಯಿ ಮಾಡಿದ ಪಾಪ ಅವನಿಗೆ ಬರುತ್ತದೆ ಎಂದು ಬರೆದ. ಇಂಥ ಶಾಪ ನಾನು ಬೇರೆಲ್ಲೂ ಕಂಡಿಲ್ಲ.

ಬೆರಳಚ್ಚಿನ ಕಥೆ ಪ್ರತ್ಯೇಕ. ಸಂಘಟಕರಿಗೆ ನುಡಿಯಲ್ಲಿ ಬೇಕು, ಪತ್ರಿಕೆಯವರಿಗೆ ಯೂನಿಕೋಡಿನಲ್ಲಿ ಬೇಕು. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಒತ್ತಕ್ಷರಗಳು ಸ್ವಸ್ಥಾನ ಬಿಟ್ಟು ಪಕ್ಕದ ಪದದ ಮೇಲೆ ಹೋಗಿ ಕೂರುತ್ತವೆ. ಶಾಸನದ ನಮೂನೆಗೆಂದು ನಾಲ್ಕು ಸಾಲು ಬರೆದು ಡಿಟಿಪಿ ಅಂಗಡಿಗೆ ಕೊಟ್ಟಿದ್ದೆ. ಅಲ್ಲಿಯ ಹುಡುಗ ಬಹಳ ಚುರುಕು. ಹಳಗನ್ನಡದ ಱ ಮತ್ತು ೞಗಳನ್ನೆಲ್ಲ ಹುಡುಕಿ ತೆಗೆದು, ‘ಸಾರ್, ನಿಮ್ಮ ಅಕ್ಷರದಲ್ಲಿ ಸುಮಾರು ಸ್ಪೆಲ್ಲಿಂಗ್ ಮಿಸ್ಟೇಕ್ ಇತ್ತು, ನಾನೇ ಸರಿ ಮಾಡಿದೀನಿ’ ಎಂದ. ಎಕ್ಸ್ಟ್ರಾ ದುಡ್ಡು ಬೇಡವೆಂದೂ ಹೇಳಿದ. ಇಷ್ಟು ಒಳ್ಳೆಯವನ ಮೇಲೆ ರೇಗುವುದಾದರೂ ಹೇಗೆ.

ಪ್ರಬಂಧಕ್ಕಿಂತ ಮೊದಲು ಸಾರಲೇಖ ಕಳಿಸಬೇಕು, ಇನ್ನೂರೈವತ್ತು ಪದ. ಬರೆಯದಿರುವ ಪ್ರಬಂಧದ ಫಲಿತಾಂಶವನ್ನು ಅದರಲ್ಲಿ ಹೇಳಬೇಕು. ‘ಈ ಪ್ರಬಂಧವು ಹತ್ತನೆಯ ಶತಮಾನದ ಪ್ರಭುತ್ವ ಮತ್ತು ಪ್ರಾಣಿಲೋಕದ ಸಂಬಂಧವನ್ನು ಶೋಧಿಸಿ, ಹೊಸ ಒಳನೋಟಗಳನ್ನು ಮುಂದಿಡುತ್ತದೆ’ ಎಂದು ಬರೆದು ಕಳಿಸಿದೆ. ಅದು ಸ್ವೀಕೃತವಾಯಿತೆಂದೂ, ನೋಂದಣಿ ಶುಲ್ಕ ಕಟ್ಟಿದರೆ ಪ್ರಮಾಣಪತ್ರದಲ್ಲಿ ಹೆಸರು ಅಚ್ಚಾಗುವುದೆಂದೂ ಮರುದಿನವೇ ಉತ್ತರ ಬಂತು. ಪ್ರಮಾಣಪತ್ರ ಸಿದ್ಧವಾಗಿದೆ, ಸಾರಾಂಶ ಅಚ್ಚಿಗೆ ಹೋಗಿದೆ, ಮಧ್ಯಾಹ್ನದ ಊಟಕ್ಕೆ ಹೋಳಿಗೆ ಎಂಬ ಸೂಚನೆಯೂ ಬಂದಿದೆ. ಇನ್ನು ಪ್ರಬಂಧ ಒಂದು ಬಾಕಿ.

ಅದಕ್ಕೂ ಮುಂಚೆ ಕಲ್ಲನ್ನು ಒಮ್ಮೆ ಕಣ್ಣಾರೆ ನೋಡಬೇಕಿತ್ತು. ಕಲ್ಲು ಆತಕೂರಿನಲ್ಲಿ ಇಲ್ಲ. ಬಹಳ ಹಿಂದೆಯೇ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಬಂದುಬಿಟ್ಟಿದೆ, ಕಬ್ಬನ್ ಪಾರ್ಕಿನ ಮಗ್ಗುಲಲ್ಲಿ, ಕಸ್ತೂರಬಾ ರಸ್ತೆಯ ಆ ಕೆಂಪು ಕಟ್ಟಡಕ್ಕೆ. ಕಟ್ಟಡ 1877ರದು, ಕಾಳಿಯ ಲೆಕ್ಕದಲ್ಲಿ ಮೊನ್ನೆ ಮೊನ್ನೆ ಎದ್ದದ್ದು. ಹಿಂದೊಮ್ಮೆ ನೋಡಿದ್ದೆನಾದರೂ ಆಗ ಪ್ರಬಂಧದ ಕಣ್ಣಿರಲಿಲ್ಲ. ಕಲ್ಲಿನ ಮುಂದೆ ನಿಂತರೆ ಅಚ್ಚಿನ ಪುಟದಲ್ಲಿ ಕಾಣದ್ದು ಕಾಣುತ್ತದೆ: ಹಂದಿ ದೊಡ್ಡದು, ನಾಯಿಯೇನೂ ಹಿಂಜರಿದಿಲ್ಲ, ಅಕ್ಷರಗಳು ಆ ಎರಡಕ್ಕೂ ಜಾಗ ಬಿಟ್ಟು ಸರಿದುಕೊಂಡಿವೆ. ಶಾಲೆಯ ಮಕ್ಕಳ ಗುಂಪೊಂದು ಸಾಲಾಗಿ ಬಂದು, ಅವರ ಟೀಚರು ‘ಇದು ಇನ್‌ಸ್ಕ್ರಿಪ್ಷನ್’ ಎಂದು ಒಂದೇ ಮಾತಿನಲ್ಲಿ ಮುಗಿಸಿ ಮುಂದಕ್ಕೆ ಕರೆದುಕೊಂಡು ಹೋದರು. ಹಿಂದುಳಿದ ಒಬ್ಬ ಹುಡುಗ ಮಾತ್ರ ‘ಏಯ್, ನಾಯಿ ಕಣೋ’ ಎಂದ. ಅಲ್ಲಿದ್ದ ಅಷ್ಟೂ ಜನರಲ್ಲಿ ಶಾಸನವನ್ನು ಸರಿಯಾಗಿ ಓದಿದವನು ಅವನೇ.

ಒಂದೂವರೆಯ ಹೊತ್ತು. ಮೂಲೆಯಲ್ಲಿ ಕಾವಲಿನವರು ಸ್ಟೂಲಿನ ಮೇಲೆ ಕುಳಿತು ಬುತ್ತಿಯ ಡಬ್ಬಿ ಬಿಚ್ಚಿದರು. ಚಿತ್ರಾನ್ನ. ಶಾಪದ ಸಾಲು ಆಗ ನೆನಪಾಯಿತು. ಈ ಕಲ್ಲಿನ ಉಸ್ತುವಾರಿ ಇರುವವನು ಪೂಜೆ ಮಾಡದೆ ಉಣ್ಣಕೂಡದು. ಗೊರವನ ಹೊಣೆ ಕಲ್ಲಿನ ಜೊತೆಗೇ ಬೆಂಗಳೂರಿಗೆ ಬಂತೋ, ಅಥವಾ ಚಲ್ಲೇಶ್ವರನ ಗುಡಿಯಲ್ಲೇ ಉಳಿಯಿತೋ? ಬಂದಿದ್ದರೆ, ಒಂದು ಶತಮಾನಕ್ಕೂ ಮಿಗಿಲಾಗಿ ಇಲಾಖೆಯ ನೌಕರರು ದಿನಾ ಮಧ್ಯಾಹ್ನ ಕಟ್ಟಿಕೊಳ್ಳುತ್ತಿರುವ ಪಾಪ ಯಾವ ತಲೆಬರಹದಡಿ ಬರುತ್ತದೆ? ಇದು ಅಡಿಟಿಪ್ಪಣಿಗೆ ಯೋಗ್ಯವಾದ ಪ್ರಶ್ನೆ ಎನಿಸಿ, ಬಸ್ಸಿನಲ್ಲಿ ಬರುತ್ತಲೇ ಮೇಷ್ಟ್ರಿಗೆ ಫೋನು ಮಾಡಿದೆ. ಸಂಕಿರಣದ ಕೊನೆಯ ದಿನಾಂಕವನ್ನು ಮುಂದೂಡಲಾಗಿದೆ ಎಂಬ ಸಂದೇಶವೂ ಅದೇ ಹೊತ್ತಿಗೆ ಬಂದು ಟಣ್ ಎಂದಿತು.

ಮೇಷ್ಟ್ರು ಎಲ್ಲವನ್ನೂ ಕೇಳಿಸಿಕೊಂಡರು. ಆಚೆ ಕಡೆಯಿಂದ ತಗಡಿನ ಡಬ್ಬದ ಮುಚ್ಚಳ ತೆಗೆಯುವ ಸದ್ದು ಬಂತು.

‘ಪಾಪ ಆಮೇಲೆ ನೋಡೋಣ ಕಣಯ್ಯ. ಪೂಜೆಗೆ ಅಂತ ಭೂಮಿ ಬಿಟ್ಟಿದ್ದನಲ್ಲ ಮಣಲೇರ, ಅದು ಈಗ ಯಾರ ಹೆಸರಲ್ಲಿದೆ? ಪಹಣಿ ತೆಗೆಸಿದೆಯಾ?’

‘ಇಲ್ಲ ಸಾರ್.’

‘ಮತ್ತೆ ಇಷ್ಟು ದಿನ ಏನು ತಯಾರಿ ಮಾಡಿದೆ? ಮದ್ದೂರಿಗೆ ಹೋಗು. ಸರ್ವೆ ನಂಬರಿನ ಹಳೇ ನಕ್ಷೆ ಕೇಳು, ಇನಾಂ ರಿಜಿಸ್ಟರು ಕೇಳು. ಬರುವಾಗ ಖಾಲಿ ಕರೆಯೋಲೆ ಏನಾದರೂ ಸಿಕ್ಕಿದರೆ ತಗೊಂಡು ಬಾ.’

ಸೋಮವಾರ ರಜೆ ಹಾಕಿದ್ದೇನೆ. ತಾಲ್ಲೂಕು ಕಚೇರಿಯ ಕೌಂಟರಿನ ಮುಂದೆ ಬೆಳಗ್ಗೆಯೇ ಸಾಲು ಇರುತ್ತದಂತೆ, ಬೇಗ ಹೊರಡಬೇಕು.